ಕಾಲಂ ನಾಲ್ಕು

ಅಂದಿಯೂರಿನ ಮೊದಲ ಬಸ್ಸು ತಾಮರೆಕರೆಯಲ್ಲಿ
ನನ್ನನ್ನೂ ಒಂದು ಮೂಟೆ ಹಿಂಡಿಯನ್ನೂ ಇಳಿಸಿ ಹೋಯಿತು.
ಕೈಯಲ್ಲಿ ತಾಲ್ಲೂಕು ಕಚೇರಿಯ ನಮೂನೆ,
ತಮಿಳಿನಲ್ಲಿ ಅಚ್ಚಾದದ್ದು, ಹನ್ನೊಂದು ಕಾಲಂ:
ಎತ್ತರ, ಅಗಲ, ದಾರಿ, ಅಪಾಯ,
ಶೌಚಾಲಯ ಉಂಟೇ ಇಲ್ಲವೇ.
ನಾಲ್ಕನೆಯದು ಹೆಸರು.

ಕುನ್ನಮ್ಮ ಕಾಯುತ್ತಿದ್ದಳು.
ಸೊಂಟದಲ್ಲಿ ಕತ್ತಿ, ಮಡಿಲಲ್ಲಿ ಎಲೆಯಡಿಕೆ, ಬರಿಗಾಲು.
ನನ್ನ ಹೊಸ ಬೂಟು ನೋಡಿದಳು, ಏನೂ ಅನ್ನಲಿಲ್ಲ.
ಆ ಏನೂ ಅನ್ನದ್ದು
ಮೂರು ಮೈಲಿ ನನ್ನ ಹಿಮ್ಮಡಿ ಕಚ್ಚುತ್ತಲೇ ಬಂತು.

ದಿಂಡಲ ಮರ ಮುಗಿದು ಬಿದಿರು,
ಬಿದಿರು ಮುಗಿದು ಯಾರೋ ಬಿಟ್ಟುಹೋದ ದನದ ಪಟ್ಟಿ.
ಬಿದ್ದ ಮುಳ್ಳುಬೇಲಿಯೊಳಗೆ ಒಣಸಗಣಿಯ ಮೆತ್ತೆ.
ಕೆಂಪು ಮೈ, ಬಿಳಿ ಮಚ್ಚೆಯ ರಾಸು
ಇಲ್ಲಿ ಮುನ್ನೂರು ಮಲಗುತ್ತಿದ್ದವಂತೆ.
‘ಈಗ?’ ಅಂದೆ.
ಕತ್ತಿ ಎತ್ತಿ ಲಂಟಾನದ ಪೊದೆ ತೋರಿಸಿದಳು.
‘ಇದು ಬಂತು, ಅವು ಹೋದೊ.’

ಆನೆಲದ್ದಿಗೆ ಬೆರಳಿಟ್ಟು ‘ರಾತ್ರೀದು’ ಅಂದಳು.
ನಾನು ಅಪಾಯದ ಕಾಲಮ್ಮಿನಲ್ಲಿ ಗುರುತು ಹಾಕಿಕೊಂಡೆ.

ಮೊದಲು ಸದ್ದು ಬರಲಿಲ್ಲ.
ಮೊದಲು ಬಂದದ್ದು ತಣುಪು,
ಗುಡಾಣ ಇಟ್ಟ ಕೋಣೆಯ ಬಾಗಿಲನ್ನು ಯಾರೋ ತೆಗೆದ ಹಾಗೆ.
ಆಮೇಲೆ, ಹೊಳೆಮತ್ತಿಯ ಬೇರು ದಾಟಿದ್ದೇ,
ಅದು.

ಕ್ಯಾಲೆಂಡರಿನ ಬೆಳ್ಳಿಜರಿಯಲ್ಲ.
ಕರಿಬಂಡೆಯ ಮುಖದ ಮೇಲೆ ಒಂದು ಕಡೆ ಕವಲು,
ಇನ್ನೊಂದು ಕಡೆ ಬರೀ ಒದ್ದೆ.
ನಡುವೆ ಎಲ್ಲೋ ಚಾಚಿದ ಕಲ್ಲಿಗೆ ಬಡಿದು ಪುಡಿಯಾಗಿ
ಕೆಳಗೆ ಮತ್ತೆ ತನ್ನನ್ನು ತಾನೇ ಹುಡುಕಿಕೊಳ್ಳುವ ನೀರು.
ನನ್ನ ಟೇಪು ಮೂವತ್ತು ಮೀಟರು.
ಕುನ್ನಮ್ಮ ತುದಿಯನ್ನು ಹಲ್ಲಲ್ಲಿ ಕಚ್ಚಿ ಉಡದಂತೆ ಹತ್ತಿದಳು.
ಟೇಪು ಮುಗಿಯಿತು.
ಅವಳ ತಲೆಯ ಮೇಲೆ ಇನ್ನೂ ಬೇಕಾದಷ್ಟು ನೀರಿತ್ತು.

‘ಇದಕ್ಕೇನಂತೀರಿ?’
‘ನೀರು ಬೀಳಾ ಜಾಗ.’
‘ಅದಲ್ಲ, ಹೆಸರು.’
ಎಲೆಗೆ ಸುಣ್ಣ ಸವರಿದಳು, ನಿಧಾನಕ್ಕೆ, ಅಂಚಿನವರೆಗೂ.
‘ಹೆಸ್ರು ಮಡುಗುದ್ರ ಕರ್ದಂಗಾಯ್ತದ ಕನವ್ವ.
ಕರುದ್ರ ಬಂದ್ಬುಡ್ತದ.
ನನ್ ತಮ್ಮನ್ನ ಹಂಗೇ ಒಂದ್ಸಲ ಬಂದು ಎತ್ಕೊಂಡೋಯ್ತು.
ಸುಮ್ನ ಇರ್ಲಿ.’

ನಮೂನೆಯ ತಲೆಬರಹದಲ್ಲಿ ನೀರ್‌ವೀೞ್ಚಿ ಅಂತ ಇತ್ತು.
ನಡುವಿನ ಆ ಅಕ್ಷರ ಒಂದು ಕಾಲಕ್ಕೆ ನಮ್ಮದೂ ಹೌದು.
ಬೀೞ್, ಮೞೆ, ಬಾೞ್ ಎಂದು ಕಲ್ಲಿನಲ್ಲಿ ಕೆತ್ತಿದ್ದರು.
ನಾಲಿಗೆಯನ್ನು ಹಿಂದಕ್ಕೆ ಮಡಿಸಿ
ಎಲ್ಲಿಯೂ ತಾಗಿಸದೆ ಬಿಟ್ಟುಬಿಡುವ ಸದ್ದು.
ಯಾವ ಹೊಳೆ ದಾಟುವಾಗ ಯಾರ ಬಾಯಿಂದ ಜಾರಿತೋ.
ಳಕಾರದಲ್ಲೇ ಬಿದ್ದೆವು, ಬಾಳಿದೆವು,
ಮಳೆಯೇನೂ ಕಡಿಮೆಯಾಗಲಿಲ್ಲ.
ಕಚೇರಿಯಲ್ಲಿ ಅದನ್ನು ಹತ್ತೊಂಬತ್ತು ವರ್ಷ ಉಚ್ಚರಿಸಿದ್ದೇನೆ,
ಸಂಬಳಕ್ಕೆ. ಮನೆಯ ಹೊಸ್ತಿಲಲ್ಲಿ
ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗಿದ್ದೇನೆ.

ಇಲ್ಲಿ, ತುಂತುರಿನೊಳಗೆ, ನನ್ನ ಕಿವಿಗೇ ನಾನು ಕೇಳಿಸದಿರುವಾಗ,
ಬಾಯಿಬಿಟ್ಟು ಅಂದೆ: ಬೀೞ್.
ನಾಲಿಗೆ ಎಲ್ಲಿಯೂ ತಾಗಲಿಲ್ಲ.
ಇನ್ನೊಮ್ಮೆ ಅಂದೆ.

‘ಮಂತ್ರವಾ?’ ಅಂದಳು ಕುನ್ನಮ್ಮ, ತುಟಿ ನೋಡಿ.
‘ಅಲ್ಲ, ಅಕ್ಷರ.’
‘ಹಂಗಾರ ಸರಿ’ ಅಂತ ಎದ್ದಳು.

ಬೂಟು ಕಳಚಿ ಕೈಯಲ್ಲಿ ಹಿಡಿದು ಇಳಿದೆ.
ಅದಕ್ಕೂ ಅವಳು ಏನೂ ಅನ್ನಲಿಲ್ಲ,
ಈ ಸಲದ್ದು ಕಚ್ಚಲಿಲ್ಲ.

ನಾಲ್ಕೂವರೆಯ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತುಂಬಿದೆ.
ಎತ್ತರ: ಮೂವತ್ತು ಮೀಟರಿಗಿಂತ ಮೇಲೆ.
ಶೌಚಾಲಯ: ಇಲ್ಲ.
ನಾಲ್ಕರ ಜಾಗದಲ್ಲಿ ಹನಿ ಬಿದ್ದು ಕಾಗದ ಉಬ್ಬಿತ್ತು,
ಪೆನ್ನು ಹಿಡಿಯಲಿಲ್ಲ.

ಹಿಡಿಯಲಿಲ್ಲ ಅಂತಲೇ
ಸಾಹೇಬರಿಗೆ ಹೇಳುವುದು.