ವ ಮತ್ತು ಪ

ಬೆಟಗೇರಿಯ ನಮ್ಮನಿಗೆ ಸಿನಿಮಾ ತಗ್ಯಾಕ ಬಂದವರು ಏಳು ಮಂದಿ,
ಒಂದು ಕ್ಯಾಮೆರಾ, ಬಾಡಿಗಿ ಟೆಂಪೋ, ಎರಡು ಚೀಲ ಚುರುಮರಿ.
ಇಬ್ಬರು ಮುದುಕೇರ ಪ್ರೀತಿ ಕತಿಯಂತ.
ಹನ್ನೆರಡು ದಿನಕ್ಕ ಮನಿ ಬೇಕು, ಎಸ್ತೇರಕ್ಕ,
ಗ್ವಾಡಿ ಬಣ್ಣ ಕಿತ್ತಿದ್ದು ಭಾಳ ಚಂದ ಐತಿ, ಅಂದ ಡೈರೆಕ್ಟರ್ ಹುಡುಗ.
ಫಕೀರವ್ವ ನನ್ನ ಮಾರಿ ನೋಡಿದಳು. ನಾ ಆಕಿ ಮಾರಿ ನೋಡಿದೆ.
ಬಾಡಿಗಿ ಎಷ್ಟು ಕೊಡ್ತಿ, ಅಂತ ಕೇಳಿದ್ವಿ, ಇಬ್ಬರೂ ಕೂಡೇ.

ಪಾರ್ಟು ಮಾಡಾಕ ಬಂದಾಕಿ ಒಬ್ಬಾಕಿ
ನಾಟಕ ಕಂಪನಿಯಾಗ ನಲವತ್ತು ವರ್ಷ ಸವದಾಕಿ,
ಕಿವಿಯಾಗ ಹೇಳೂ ಮಾತು ಕಡೀ ಸಾಲಿನ ಚಾಪಿಗೆ ಮುಟ್ಟೂಹಂಗ:
ನಿನ್ನ ಬಿಟ್ಟು ನಾ ಹೆಂಗ ಇರಲಿ!
ಬಾಜೂಮನಿ ಇಮಾಮಸಾಬ ಕೊಡಾ ಅಲ್ಲೇ ಇಟ್ಟು ಓಡಿ ಬಂದ,
ಯಾರು ತೀರಿದ್ರು, ಅಂತ.
ಇನ್ನೊಬ್ಬಾಕಿ ಬ್ಯಾಂಕಿನ್ಯಾಗ ರಿಟೈರ ಆದಾಕಿ.
ಕೈ ಹಿಡಿ ಅಂದ್ರ ನೋಟು ಎಣಿಸೂಹಂಗ ಬೆರಳು ಮುಟ್ಟತಿದ್ದಳು.
ಕುಕ್ಕರ್ ಸೀಟಿ ಹೊಡೀತು. ಕಟ್.
ಮತ್ತ ಹೊಡೀತು. ಕಟ್.
ಬ್ಯಾಳಿ ಬೇಯಬೇಕಲ್ಲೋ ಮಗನ, ಅಂದಳು ಫಕೀರವ್ವ,
ಉಣ್ಣಾವರು ನೀವ.

ಒಂದಿನ ಮಂಚದ ಸೀನು.
ಅಸಿಸ್ಟಂಟ್ ಹುಡುಗಿ ಪಟ್ಟಿ ಹಿಡಕೊಂಡು ಬಂದಳು:
ದೊಡ್ಡ ಮಂಚ ಯಾರದು ಅಕ್ಕಾರ, ಸಣ್ಣದು ಯಾರದು?
ಸಣ್ಣದರ ಮ್ಯಾಲ ಒಣಗಿದ ಅರಿವಿ, ಹಪ್ಪಳದ ಡಬ್ಬಿ,
ನನ್ನ ನರ್ಸ್ ಟೊಪ್ಪಿಗಿ ಇಟ್ಟ ಟ್ರಂಕು.
ಮೂವತ್ತಾರು ವರ್ಷದಾಗ ಇದನ್ನ ಕೇಳಿದಾಕಿ ಆಕಿನ ಮೊದಲು.
ಸಣ್ಣದು ಬಂದವರಿಗೆ, ಅಂದೆ.
ಆಕಿ ಬರಕೊಳ್ಳಲಿಲ್ಲ. ಅಡಗಿಮನಿಗೆ ಹೋಗಿ
ಉಳ್ಳಾಗಡ್ಡಿ ಹೆಚ್ಚಾಕ ಕುಂತಳು.
ಭಾಳ ಖಾರ ಅದಾವ, ಅಂದಳು ಸ್ವಲ್ಪ ಹೊತ್ತಿನ ಮ್ಯಾಲ.

ವರ್ಷ ಕಳದು ಹುಬ್ಬಳ್ಳ್ಯಾಗ ತೋರಿಸಿದ್ರು,
ವಿದ್ಯಾನಗರದ ಒಂದು ಹಾಲಿನ್ಯಾಗ,
ಖುರ್ಚಿ ನೂರು, ಮಂದಿ ಮೂವತ್ತೊಂದು, ನಮ್ಮನ್ನ ಹಿಡದು.
ನಮ್ಮ ಗ್ವಾಡಿ, ನಮ್ಮ ತಾಟು, ಫಕೀರವ್ವನ ಚಷ್ಮಾದ ಡಬ್ಬಿ
ಪಡದ್ಯಾಗ ಎತ್ತಿನಗಾಡಿಯಷ್ಟು ದೊಡ್ಡದು.
ಆ ಮುದುಕೇರು ಫ್ಯಾನಿನ ಸಲುವಾಗಿ ಜಗಳಾಡಿದ್ರು,
ಒಬ್ಬಾಕಿಗೆ ಐದು ಬೇಕು, ಒಬ್ಬಾಕಿಗೆ ಒಂದು.
ಇವರಿಗೆ ನೀ ಹೇಳಿದೇನ, ಅಂತ ತೊಡಿ ಚಿವುಟಿದಳು.
ನಾ ಹೇಳಿರಲಿಲ್ಲ. ಆಕಿನ ಹೇಳಿದ್ದಳು, ಗಿರಮಿಟ್ಟು ತಿನ್ಕೋತ.

ಕಡೀಕ ಹೆಸರು ಬಂದ್ವು.
ಮನಿ ಕೊಟ್ಟವರು: ಎಸ್ತೇರ ಮತ್ತು ಫಕೀರಪ್ಪ.

ಗದಗಿನ ಪ್ರೆಸ್ಸಿನ್ಯಾಗ ಇಪ್ಪತ್ತೆಂಟು ವರ್ಷ ಮೊಳಿ ಜೋಡಿಸಿದಾಕಿ.
ಮಂದೀ ಲಗ್ನಪತ್ರಿಕಾ, ಎಲ್ಲಾ ಉಲ್ಟಾ ಓದಿ,
ಚಿ. ರಾ. ಒಂದು ಕಡೆ, ಚಿ. ಕುಂ. ಸೌ. ಒಂದು ಕಡೆ,
ನಡುವ ಒಂದು 'ಮತ್ತು', ಆಚೀಚೆ ಹೂವಿನ ಬ್ಲಾಕು.
ವ ಬೀಳೂ ಜಾಗಾದಾಗ ಪ ಬಿದ್ದದ್ದಿಲ್ಲ ಆಕಿ ಕೈಯಾಗ.
ಲೈಟ್ ಬಿಲ್ಲಿನ್ಯಾಗ ನಾ, ಗ್ಯಾಸಿನ ಪುಸ್ತಕದಾಗ ಆಕಿ,
ರೇಶನ್ ಕಾರ್ಡು ಬ್ಯಾರೆ ಬ್ಯಾರೆ, ಜ್ವಾಳದ ಡಬ್ಬಿ ಒಂದ.
ಈಗ ಕರೇ ಪಡದ್ಯಾಗ ಒಂದ ಸಾಲಿನ್ಯಾಗ
ಆಕಿ ಗಂಡ, ನಾ ಹೆಂಡತಿ,
ಮೂರು ಸೆಕೆಂಡು.
ಆಕಿ ನಕ್ಕ ನಗಿಗೆ ಅಂಜಿ ಪ್ರೊಜೆಕ್ಟರ್‌ನವ ಲೈಟು ಹಚ್ಚಿದ.

ತಪ್ಪಾತಬೇ, ತಿದ್ದತೀನಿ, ಅಂತ ಓಡಿ ಬಂದ ಹುಡುಗ.
ತಿದ್ದು, ಅಂದಳು, ನಾ ಹೆಣ್ಣಮಗಳು.
ಆಮ್ಯಾಲ ಪ್ರೂಫ್ ನೋಡೂ ಬೆರಳು ಗಾಳಿಯಾಗ ಊರಿ:
ನಡುವಿನದಕ್ಕ ಕೈ ಹಚ್ಚಬ್ಯಾಡ. ಅದು ಸರಿ ಬಿದ್ದೈತಿ.

ವಾಪಸ್ ಬರೂಮುಂದ ಕಂಡಕ್ಟರ್ ಎರಡು ಸೊನ್ನಿ ಟಿಕೇಟು ಹರದ.
ಅಣ್ಣಿಗೇರಿ ದಾಟೂದ್ರಾಗ ನನ್ನ ಹೆಗಲ ಮ್ಯಾಲ ಗೊರಕಿ.
ಮುದುಕೇರು ಹಿಂಗ ಒರಗಿದ್ರ ಯಾರಿಗೂ ಏನೂ ಅನಸೂದಿಲ್ಲ,
ಹರೇದಾಗ ಇದು ಗೊತ್ತಿದ್ರ ಲಗೂನ ಮುದುಕೇರು ಆಗತಿದ್ವಿ.
ಮುಂದಿನ ಸೀಟಿನ ಕೂಸಿನ ತಾಯಿ ಹೊಳ್ಳಿ ನೋಡಿ,
ಅಕ್ಕತಂಗೇರೇನ್ರಿ, ಅಂದಳು.
ದಿನಾ ಹೂಂ ಅನ್ನೂ ಬಾಯಿ ತಗದೆ.
ಅಷ್ಟ್ರಾಗ ಹೆಗಲಿನ ಮ್ಯಾಲಿಂದ, ಕಣ್ಣು ಮುಚ್ಚಿಕೊಂಡ,
ನಾ ಫಕೀರಪ್ಪ, ಅಂದಳು. ಕಿಟಕಿ ಹಾಕು, ಥಂಡಿ.

ನಾ ಅರ್ಧ ಹಾಕಿದೆ.