ಇಲ್ಲಿ ಉಪ್ಪು ಜಾಸ್ತಿ

ನಿಮ್ಮ ಮೇಲೆ ಯಾರ ಪ್ರಭಾವ, ಅಂತ
ಪೆನ್ನು ಹಿಡಿದು ನಿಂತವರು ಕೇಳಿದಾಗ
ದೊಡ್ಡ ಹೆಸರು ಒಂದೆರಡು ಹೇಳಿಬಿಟ್ಟೆ.
ಬರೆದುಕೊಂಡರು. ಖುಷಿಯಾದರು.
ಆ ದೊಡ್ಡವರ ಚಿತ್ರ ನಾನು ನೋಡಿದ್ದು
ಮೂವತ್ತು ದಾಟಿದ ಮೇಲೆ, ಲೈಬ್ರರಿಯಲ್ಲಿ, ಕೆಟ್ಟ ಅಚ್ಚಿನಲ್ಲಿ.

ಅದಕ್ಕೂ ಮೊದಲು
ಮಂಡಿಪೇಟೆಯ ಮೆಟ್ಟಿಲ ಕೆಳಗಿನ ಸ್ಟುಡಿಯೋದಲ್ಲಿ
ಗುರುಶಾಂತಪ್ಪ ಇದ್ದರು.
ಪೆನ್ಸಿಲಿನ ಮೊನೆ ಸೂಜಿಗಿಂತ ಸಣ್ಣಗೆ ಹೆರೆದು
ನೆಗೆಟಿವ್ ಮೇಲೆ ಮದುಮಕ್ಕಳ ಮೊಡವೆ ಅಳಿಸುವವರು.
ಸತ್ತವರನ್ನು ಕುರ್ಚಿಗೆ ಆನಿಸಿ ತೆಗೆದ ಫೋಟೋ ಬಂದರೆ
ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಯುವವರು.
ಬರೆಯುವ ಮೊದಲು ಮನೆಯವರನ್ನು ಕೇಳುತ್ತಿದ್ದರು:
ಮಾತಾಡುವಾಗ ಯಾವ ಕಡೆ ನೋಡ್ತಿದ್ರು?
ಒಬ್ಬಾಕೆ ಹೇಳಿದಳು: ನನ್ನ ಕಡೆ ಒಂದಿನಾನೂ ನೋಡ್ಲಿಲ್ಲ.
ಆ ಕಣ್ಣಿಗೆ ಅವರಿಗೆ ಮೂರು ದಿನ ಹಿಡಿಯಿತು.
ಬ್ರಷ್ ತೊಳೆಯುವ ಕೆಲಸ ನನ್ನದು,
ಲೋಟದ ನೀರಿನ ಬಣ್ಣ ಇನ್ನೂ ನೆನಪಿದೆ.
ಆಕೆ ಸುತ್ತಿದ ಕಾಗದ ಬಿಚ್ಚಿ ನೋಡದೆ ಒಯ್ದಳು.

ಅದಕ್ಕೂ ಮೊದಲು ಭಟ್ಟಿ.
ದಾವಣಗೆರೆಯಲ್ಲಿ ಭಟ್ಟಿಯೆಂದರೆ ಮಂಡಕ್ಕಿಯದೇ, ಬೇರೆ ಹೇಳಬೇಕಿಲ್ಲ.
ಹೊಟ್ಟು ಉರಿದು, ಹೊಟ್ಟು ಸಾಲದ ದಿನ ಹಳೇ ಟೈರು ಉರಿದು
ಗೋಡೆ, ಮಾಡು, ತೊಲೆ ಎಲ್ಲ ಕಪ್ಪು.
ಒಂದೇ ಕಪ್ಪಲ್ಲ:
ತೊಲೆಯದು ಎಣ್ಣೆಗಪ್ಪು, ಮೂಲೆಯದು ಬಲೆಗಟ್ಟಿದ ಕಪ್ಪು,
ಬಾಣಲೆಯ ಹಿಂದಿನದು ಹೊಳೆಯುವ ಕಪ್ಪು,
ಅಬ್ಬನ ಕಿವಿಯ ಹಿಂದಿನದು ಸೋಪಿಗೆ ಬಗ್ಗದ ಕಪ್ಪು.
ಅದರ ನಡುವೆ ಬಿಳಿ, ಹಾರುತ್ತಿತ್ತು.
ಮರಳು ಕಾದಾಗ ಅಬ್ಬ ಅಕ್ಕಿ ಸುರಿದು ಎಣಿಸುತ್ತಿದ್ದ,
ಏಕ್, ದೋ, ತೀನ್. ಏಳಕ್ಕೆ ಜರಡಿಗೆ.
ಆರಕ್ಕೆ ಎತ್ತಿದರೆ ಕಲ್ಲು, ಎಂಟಕ್ಕೆ ಕೆಂಪು.

ಕೆಲಸ ಹೇಗೆ ಮಾಡ್ತೀರಿ, ಅಂತಲೂ ಕೇಳಿದರು.
ಮೊದಲ ಇಪ್ಪತ್ತು ದಿನ ಕ್ಯಾಮೆರಾ ಒಯ್ಯುವುದಿಲ್ಲ.
ಬರಿಗೈಲಿ ಹೋಗಿ ಕೂರುತ್ತೇನೆ.
ಪ್ಯಾರಿಬಿ ಚೀಲ ಹೊಲಿಯಲು ಕೊಡುತ್ತಾಳೆ, ಹೊಲಿಯುತ್ತೇನೆ.
ಹುಟ್ಟಿ ಬೆಳೆದ ಜಾಗದ ಅಭ್ಯಾಸ
ಮೊದಲು ತಪ್ಪಬೇಕು.
ಜನವರಿಯಲ್ಲಿ, ತಗಡು ಒಡೆದ ಬೆಳಕಿಂಡಿಯಿಂದ
ಒಂದು ಬಿಸಿಲುಕೋಲು ಇಳಿದು
ಹನ್ನೊಂದು ನಿಮಿಷ ಒಲೆಯ ಮೇಲೆ ನಡೆದು ಹೋಗುತ್ತದೆ.
ರೋಲಿಗೆ ಹನ್ನೆರಡೇ ಚಿತ್ರ.
ಎಷ್ಟೋ ದಿನ ಒಂದೂ ತೆಗೆಯದೆ ಬಂದಿದ್ದೇನೆ
ಲೆನ್ಸಿನ ಮೇಲೆ ಕೂತ ಮಸಿ ಒರೆಸಿಕೊಂಡು.
ನಿನ್ನ ಡಬ್ಬಿಗೆ ಇವತ್ತೂ ಉಪವಾಸವೇನೇ,
ಅಂತ ನಗುತ್ತಾಳೆ ಪ್ಯಾರಿಬಿ.

ರಾತ್ರಿ ಬಚ್ಚಲುಮನೆಯೇ ಕತ್ತಲಕೋಣೆ.
ಕೆಂಪು ಬಲ್ಬು, ಹಂಡೆಯ ಮೇಲೆ ಹಲಗೆ,
ಹಲಗೆಯ ಮೇಲೆ ಮೂರು ಟ್ರೇ.
ತಮ್ಮ ಬಾಗಿಲು ಬಡಿಯುತ್ತಾನೆ, ಅರ್ಜೆಂಟು ಅವನಿಗೆ.
ಹೊರಗೆ ಹನ್ನೆರಡರ ಗಾಡಿಗೆ ಗೇಟು ಬೀಳುತ್ತದೆ,
ಗಾಡಿ ಹೋಗುವಾಗ ಎನ್‌ಲಾರ್ಜರ್ ನಡುಗುತ್ತದೆ, ಕಾಯಬೇಕು.
ಆಮೇಲೆ ಬೆಳಕು ಚೆಲ್ಲಿ ಎಣಿಸುತ್ತೇನೆ,
ಗಡಿಯಾರವಿದೆ, ಆದರೂ ಬಾಯಲ್ಲೇ,
ಏಕ್, ದೋ, ತೀನ್.
ಟ್ರೇಯಲ್ಲಿ ಮುಳುಗಿದ ಕಾಗದದ ಮೇಲೆ ಮೊದಲು ಏನೂ ಇಲ್ಲ.
ಆಮೇಲೆ ಅಬ್ಬನ ಮೊಣಕೈ.

ಒಣಗಿದ ಪ್ರಿಂಟನ್ನು ಅವನಿಗೆ ತೋರಿಸಿದ್ದು ಒಂದೇ ಸಲ.
ತಟ್ಟೆ ಹಿಡಿದಂತೆ ಎರಡೂ ಕೈಲಿ ಹಿಡಿದ.
ತನ್ನ ಮುಖ ನೋಡಲಿಲ್ಲ.
ಒಲೆ ನೋಡಿದ, ಮರಳು ನೋಡಿದ,
ಗಾಳಿಯಲ್ಲಿ ನಿಂತ ಕಾಳು ನೋಡಿದ.
ಬಲಮೂಲೆಯಲ್ಲಿ ಬಿಳಿ ಸುಟ್ಟುಹೋದ ಕಡೆ ಬೆರಳಿಟ್ಟು
ಇಲ್ಲಿ ಉಪ್ಪು ಜಾಸ್ತಿ, ಅಂದ.

ವಾದ ಮಾಡಿದೆ. ಅದು ಬಿಸಿಲು ಅಬ್ಬಾ, ಹಾಗೇ ಇರೋದು.
ಇರಬಹುದು, ಅಂದ. ಉಣ್ಣಲು ಕೂತ.
ನಾಕು ದಿನ ಬಿಟ್ಟು
ಆ ಮೂಲೆಗೆ ಇನ್ನೆರಡು ಎಣಿಕೆ ಕೊಟ್ಟೆ.
ಬಿಳಿಯೊಳಗೆ ಅಡಗಿದ್ದ ಒಂದು ಕೈ ಎದ್ದು ಬಂತು,
ಜರಡಿ ಹಿಡಿದ ಕೈ,
ಬಳೆ ನೋಡಿದರೆ ಪ್ಯಾರಿಬಿಯದು.

ಈಗ ಅದು ಗೋಡೆಯ ಮೇಲಿದೆ, ಎಡದಿಂದ ಮೂರನೆಯದು.
ಪೆನ್ನಿನವರು ಅದರ ಮುಂದೆ ಬಹಳ ಹೊತ್ತು ನಿಂತಿದ್ದರು.
ಅಬ್ಬ ಬಂದಿಲ್ಲ, ಇವತ್ತು ಅವನ ಪಾಳಿ.
ಪ್ಯಾರಿಬಿ ಬಂದಿದ್ದಳು. ಹತ್ತಿರ ಹೋಗಿ, ಹಿಂದೆ ಸರಿದು,
ಆ ಬಳೆ ಒಡೆದು ಎರಡು ವರ್ಷ ಆಯ್ತು, ಅಂದು
ಚಪ್ಪಲಿ ಹುಡುಕಿಕೊಂಡು ಹೋದಳು.