ಒಂದು ಫುಲ್, ಎರಡು ಹಾಫ್

ಹತ್ತೊಂಬತ್ತು ವರ್ಷ ನಾನು ನಡೆದದ್ದೆಲ್ಲ
ಓಡುವ ಸಿಟಿ ಬಸ್ಸಿನ ಒಳಗೆ.
ಮುಂಬಾಗಿಲಿಂದ ಹಿಂಬಾಗಿಲಿಗೆ ಹದಿನಾಲ್ಕು ಹೆಜ್ಜೆ,
ಅದೂ ಜನ ಜಾಗ ಬಿಟ್ಟರೆ.
ವಿನೋಬನಗರ, ಆಲ್ಕೊಳ, ಗೋಪಾಳ ಎಂದು ಕೂಗಿ ಕೂಗಿ
ಶಿವಮೊಗ್ಗವನ್ನೆಲ್ಲ ಸುತ್ತಿಸಿದವನಿಗೆ
ಮಗಳು ಇಂಚರ ಕೇಳಿದಳು ಒಂದು ದಿನ:
ಮನೆಯಿಂದ ತುಂಗಾ ಚಾನಲ್ಲಿಗೆ ಎಷ್ಟು ದೂರ?
"ಎರಡು ಸ್ಟೇಜು" ಅಂದೆ.
"ಹೆಜ್ಜೆ ಎಷ್ಟಪ್ಪ?"
ಅದಕ್ಕೆ ನನ್ನ ಬ್ಯಾಗಿನಲ್ಲಿ ಚಿಲ್ಲರೆ ಇರಲಿಲ್ಲ.

ಹಾಲಿನ ಬೂತಿನ ಕಂಬದ ಮೇಲೊಂದು ಚೀಟಿ,
ಆಶಾ ಕಾರ್ಯಕರ್ತೆ ಫ್ಲೋರಿನ್ ಅವರ ದುಂಡು ಅಕ್ಷರ:
"ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಆರೂವರೆ,
ವಾಟರ್ ಟ್ಯಾಂಕಿನಿಂದ ಚಾನಲ್ ಏರಿಯವರೆಗೆ ನಡಿಗೆ.
ಮನೆಮಂದಿಯೆಲ್ಲ ಬನ್ನಿ. ಬಹುಮಾನ ಇಲ್ಲ."
ಕೆಳಗೆ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದರು: "ತಿಂಡಿ?"
ಅದರ ಕೆಳಗೆ ಮತ್ತದೇ ದುಂಡು ಅಕ್ಷರ:
"ನಡೆದವರಿಗೆ ಮಂಡಕ್ಕಿ."

ಮೊದಲ ಸಲ ಏಳು ಜನ, ಎರಡು ನಾಯಿ.
ನಾಯಿಗಳಿಗೆ ಮಾತ್ರ ದಾರಿ ಸರಿಯಾಗಿ ಗೊತ್ತಿತ್ತು.
ಟೈರ್ ಅಂಗಡಿಯ ಜಬೀವುಲ್ಲಾ ಇಸ್ತ್ರಿ ಪ್ಯಾಂಟಿನಲ್ಲಿ ಬಂದರು,
ಮದುವೆಗೆ ಹೊರಟವರ ಹಾಗೆ.
ಮುಬೀನಾ ಮಗನ ಕ್ರಿಕೆಟ್ ಶೂ ತೊಟ್ಟಿದ್ದರು,
ಒಂದು ನಂಬರು ದೊಡ್ಡದು, ಟಪ ಟಪ.

ಎರಡನೆಯ ತಿಂಗಳು ಇಂಚರಳಿಗೊಂದು ಯೋಚನೆ.
ಮೆಷಿನ್ ಬಂದ ಮೇಲೆ ಅಟ್ಟ ಸೇರಿದ್ದ
ಹಳೇ ಟಿಕೆಟ್ ಪುಸ್ತಕ ಇಳಿಸಿ ಧೂಳು ಹೊಡೆದಳು,
ದೊಡ್ಡವರಿಗೆ ಗುಲಾಬಿ, ಮಕ್ಕಳಿಗೆ ಹಳದಿ.
"ಟ್ಯಾಂಕಿನ ಹತ್ತಿರ ನಿಂತು ಹರಿದು ಕೊಡಪ್ಪ."
ರಜೆಯ ದಿನವೂ ಇದೇನಾ ಎಂದು ನಾಚಿಕೆ.
ಬೆರಳಿಗೆ ಎಂಜಲು ಹಚ್ಚಿದ್ದೇ ತಡ
ಬಾಯಿ ತಾನೇ ಕೂಗಿತು: ಯಾರ್ರೀ ಟಿಕೆಟ್?

ಜಬೀವುಲ್ಲಾ ಮನೆಗೆ ಎರಡು ಫುಲ್, ಮೂರು ಹಾಫ್.
ಗಿರಣಿಯ ತೀರ್ಥಪ್ಪನಿಗೆ ಒಂದು ಫುಲ್,
ಬೆನ್ನ ಮೇಲಿನ ಮೊಮ್ಮಗು ಲಗೇಜು.
ಮುಖ ತೊಳೆಯದೆ ಬಂದ ಪಿಯುಸಿ ಹುಡುಗನಿಗೂ ಹಾಫ್,
ಉಳಿದರ್ಧ ಇನ್ನೂ ಹಾಸಿಗೆಯಲ್ಲೇ ಇತ್ತು.
"ನಿಮಗೆ ಎಲ್ಲಿಗೆ?"
ನನ್ನ ಅತ್ತೆ ಹಾಲಮ್ಮ ಮಂಡಿ ಒತ್ತಿಕೊಂಡು
ರಸ್ತೆಯ ಉದ್ದವನ್ನೊಮ್ಮೆ ನೋಡಿದರು.
"ಗಿರಣಿ ಬಾಗ್ಲಿಗೆ ಒಂದು ಕೊಡಪ್ಪ. ಅಲ್ಲೇ ಇಳೀತೀನಿ."

ಅವತ್ತಿನಿಂದ ನಮ್ಮ ನಡಿಗೆಯಲ್ಲಿ
ಯಾರಿಗೂ ಸುಸ್ತಾಗುವುದಿಲ್ಲ,
ಅವರವರ ಸ್ಟಾಪು ಬರುತ್ತದೆ, ಅಷ್ಟೆ.
ಗಿರಣಿ ಕಟ್ಟೆಯ ಮೇಲೆ ಕೂತ ಹಾಲಮ್ಮ
ವಾಪಸು ಬರುವವರನ್ನು ಎಣಿಸಿದರು, ಒಬ್ಬ ತಪ್ಪಿದ್ದಕ್ಕೆ ಬೈದರು.
ಮುಂದಿನ ತಿಂಗಳು ಅವರ ಸ್ಟಾಪು ಬೋರ್‌ವೆಲ್ಲಿಗೆ ಸರಿಯಿತು,
ಆಮೇಲೆ ನಾಲ್ಕು ಲೈಟು ಕಂಬ ದಾಟಿ ಉರ್ದು ಶಾಲೆಯ ಗೇಟಿಗೆ,
ಆಷಾಢದಲ್ಲಿ ಮತ್ತೆ ಗಿರಣಿಗೇ ಬಂದು ನಿಂತಿತು.
"ಗಾಡಿ ರಿಪೇರಿ" ಅಂದರು, ಬೇಸರವಿಲ್ಲದೆ.

ಕಾರ್ತೀಕದ ಬೆಳಗು, ಚಾನಲ್ ಏರಿ.
ನೀರೂ ನಮ್ಮ ಜೊತೆಗೇ ಹೊರಟಿತ್ತು, ಸ್ವಲ್ಪ ಮುಂದೆ.
ಇಂಚರ ಎರಡು ಸಾವಿರದ ನೂರಾ ಆರರವರೆಗೆ ಎಣಿಸಿದಳು,
ಮಿಂಚುಳ್ಳಿಯೊಂದು ಅಡ್ಡ ಹಾರಿ ಲೆಕ್ಕ ತಪ್ಪಿತು.
ತಮ್ಮ ಹೇಳಿದ, "ಮೊದಲಿಂದ ಎಣಿಸೋಣ, ವಾಪಸ್ ನಡಿ."
ಹದಿನೈದು ವರ್ಷದ ಸಂಸಾರದಲ್ಲಿ ನನಗೆ ಗೊತ್ತೇ ಇರಲಿಲ್ಲ
ಕುಸುಮ ಇಷ್ಟು ಬಿರುಸಾಗಿ ನಡೆಯುತ್ತಾಳೆಂದು.
ಸೆರಗು ಸೊಂಟಕ್ಕೆ ಸಿಕ್ಕಿಸಿ ಆಗಲೇ ತಿರುವಿನಲ್ಲಿದ್ದಳು,
ನಾನು ಹಿಂದೆ ಏದುಸಿರು ಬಿಡುತ್ತ
ಕೈ ಎತ್ತಿದೆ, ಬಸ್ಸು ತಪ್ಪಿಸಿಕೊಂಡವನ ಹಾಗೆ.
ಅವಳು ನಿಲ್ಲಿಸಿದಳು.

ಮೊನ್ನೆ ಮಂಗಳವಾರ, ಬಸ್ಸು ತುಂಬಿ ತುಳುಕುವಾಗ
ಗೋಪಿ ಸರ್ಕಲ್ಲಿನಲ್ಲಿ ಹತ್ತಿದ ಇಬ್ಬರು ಹುಡುಗರು
ಸ್ಟೇಡಿಯಮ್ಮಿಗೆ ಎಂದು ನೋಟು ಚಾಚಿದರು.
"ಇಲ್ಲೇ ಇದೆಯಲ್ರೋ, ನಡ್ಕೊಂಡು ಹೋಗಿ" ಅಂದುಬಿಟ್ಟೆ.
ಇಳಿದರು. ಒಬ್ಬ ಓಡಿದ, ಇನ್ನೊಬ್ಬ ಅಟ್ಟಿಸಿಕೊಂಡು ಹೋದ.
ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ದಿಟ್ಟಿಸಿದ.
ನಮ್ಮ ಮಾಲೀಕರು ಸಿಕ್ಕಿದರೆ
ದಯವಿಟ್ಟು ಹೇಳಬೇಡಿ.